ಔಷಧದಾನ ಮತ್ತು ಬೀದಿಯ ರೋಗಿ

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಸ್ವಾಧ್ಯಾಯ ಮಾಡುವವರಿಗೆ ವೃಷಭಸೇನೆಯ ಹೆಸರು ಪರಿಚಿತವಾದುದು. ಔಷಧದಾನಕ್ಕೆ ಆಚಾರ್ಯರು ದೃಷ್ಟಾಂತವಾಗಿ ನಿಲ್ಲಿಸಿರುವುದು ಅವಳನ್ನೇ. ಮೂಲದಲ್ಲಿ ಹೆಸರು ಮಾತ್ರ ಉಂಟು. ಕಥೆಯನ್ನು ಪ್ರಭಾಚಂದ್ರರ ಟೀಕೆಯಲ್ಲಿ ನೋಡಬೇಕು. ಹಿಂದಿನ ಭವದಲ್ಲಿ ತನ್ನಿಂದಲೇ ನೊಂದ ಮುನಿಗಳಿಗೆ ಪಶ್ಚಾತ್ತಾಪದಿಂದ ಔಷಧೋಪಚಾರ ಮಾಡಿದ ಪುಣ್ಯದ ಫಲವಾಗಿ ಅವಳ ಸ್ನಾನದ ನೀರಿಗೂ ರೋಗ ಕಳೆಯುವ ಶಕ್ತಿ ಒದಗಿತ್ತು. ಆ ಶಕ್ತಿ ಲೋಕಕ್ಕೆ ತಿಳಿದುದು ಹೇಗೆ? ಆ ನೀರು ನಿಂತಿದ್ದ ಗುಂಡಿಯಲ್ಲಿ ರೋಗಪೀಡಿತವಾದ ಒಂದು ನಾಯಿ ಬಿದ್ದು ಹೊರಳಿ, ನಿರೋಗಿಯಾಗಿ ಎದ್ದುಬಂದುದನ್ನು ಅವಳ ದಾದಿ ಕಂಡಳು. ರಾಜಮನ್ನಣೆಯೆಲ್ಲ ಆಮೇಲೆ ಬಂದಿತು. ಔಷಧದಾನದ ಮಹಿಮೆಗೆ ಮೊದಲ ಸಾಕ್ಷಿಯಾದುದು ಒಂದು ನಾಯಿ.

ಇನ್ನೊಂದು ನಾಯಿಯ ಕಥೆ ನಮ್ಮ ಮನೆಗಳಲ್ಲಿ ಇದಕ್ಕಿಂತ ಹೆಚ್ಚು ಪ್ರಸಿದ್ಧ. ವಾದೀಭಸಿಂಹಸೂರಿಗಳು ಕ್ಷತ್ರಚೂಡಾಮಣಿಯಲ್ಲಿಯೂ, ಕನ್ನಡದಲ್ಲಿ ಭಾಸ್ಕರಕವಿಯು 1424ರ ಜೀವಂಧರ ಚರಿತೆಯಲ್ಲಿಯೂ ಹೇಳಿರುವಂತೆ, ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರವನ್ನು ಉಸುರಿದನು; ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿತು. ಈ ಎರಡನೆಯ ಕಥೆಯನ್ನು ನಾವು ಆಚರಣೆಯಲ್ಲಿ ಉಳಿಸಿಕೊಂಡಿದ್ದೇವೆ. ರಸ್ತೆಯಲ್ಲಿ ಬಿದ್ದ ಪ್ರಾಣಿಯನ್ನು ಕಂಡು ಣಮೋಕಾರ ಹೇಳಿ ಮುಂದೆ ಸಾಗುವ ಶ್ರಾವಕರು ಇಂದಿಗೂ ಅನೇಕರು. ಮೊದಲನೆಯ ಕಥೆ ಮಾತ್ರ ಗ್ರಂಥದಲ್ಲಿಯೇ ಉಳಿದಿದೆ. ಸಾಯುವ ಜೀವಿಗೆ ಮಂತ್ರ ಸರಿ; ಬದುಕಬಲ್ಲ ಜೀವಿಗೆ ಮಂತ್ರವೊಂದನ್ನೇ ಹೇಳಿ ಹೋದರೆ ಅದು ದಾನವಾಗುವುದೇ ಎಂಬ ಪ್ರಶ್ನೆಯನ್ನು ಈ ಪಾಠದಲ್ಲಿ ವಿಚಾರಿಸೋಣ.

ಹಿಂಸೆಯ ಲಕ್ಷಣವನ್ನು ಹೇಳುವಾಗ ತತ್ತ್ವಾರ್ಥಸೂತ್ರಕಾರರು ಪ್ರಾಣಘಾತದ ಮಾತಿಗೂ ಮೊದಲು ಪ್ರಮಾದದ ಮಾತನ್ನು ಇಟ್ಟಿದ್ದಾರೆ. ಅಜಾಗರೂಕತೆ, ಆಲಸ್ಯ, ಉಪೇಕ್ಷೆ ಇವೆಲ್ಲ ಪ್ರಮಾದದ ಮುಖಗಳೇ. ಗಾಯಗೊಂಡ ಪ್ರಾಣಿಯ ವಿಷಯದಲ್ಲಿ ಈ ಪ್ರಮಾದಕ್ಕೆ ಒಂದು ಸ್ಪಷ್ಟವಾದ ರೂಪವುಂಟು. ಅದರ ಹೆಸರು ತಡ.

ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. ವಾಹನ ತಗುಲಿಯೋ, ಬೇರೆ ನಾಯಿ ಕಚ್ಚಿಯೋ ಬೀದಿನಾಯಿಯ ಕಿವಿಯ ಹಿಂದೆ ಒಂದು ಸಣ್ಣ ಗಾಯವಾಗುತ್ತದೆ. ನಾಲಿಗೆಗೆ ಎಟುಕದ ಸ್ಥಳ. ನೆಕ್ಕಿ ಶುದ್ಧಿ ಮಾಡಿಕೊಳ್ಳಲಾರದು. ಬೆಚ್ಚಗಿನ ತೇವದ ದಿನಗಳಲ್ಲಿ ನೊಣಗಳು ಅಲ್ಲಿ ಮೊಟ್ಟೆಯಿಡುತ್ತವೆ. ಒಂದು ದಿನದೊಳಗಾಗಿಯೇ ಅವು ಒಡೆದು ಹುಳುಗಳಾಗಿ ಮಾಂಸವನ್ನು ತಿನ್ನತೊಡಗುತ್ತವೆ. ಕೆಲವೇ ದಿನಗಳಲ್ಲಿ ಗಾಯವು ಅಂಗೈಯಗಲವಾಗಿ ಒಳಕ್ಕೆ ಇಳಿಯುತ್ತದೆ. ಆಗ ವೈದ್ಯರ ಮುಂದೆ ಇರುವ ದಾರಿ ಟರ್ಪೆಂಟೈನ್ ಎಣ್ಣೆ ಮುಂತಾದುವನ್ನು ಬಳಸಿ ಹುಳುಗಳನ್ನು ಹೊರಬರಿಸಿ ಚಿಮುಟದಿಂದ ಒಂದೊಂದಾಗಿ ತೆಗೆಯುವುದು, ಇಲ್ಲವೆ ಹುಳುಗಳನ್ನು ಕೊಲ್ಲುವ ಮದ್ದನ್ನು ಕೊಡುವುದು. ಆ ಹುಳುಗಳೂ ತ್ರಸಜೀವಿಗಳು, ಸಂಖ್ಯೆಯಲ್ಲಿ ನೂರಾರು. ನಾಯಿಯನ್ನು ಉಳಿಸಹೊರಟ ಅಣುವ್ರತಿಯ ಕೈ ಇಲ್ಲಿಯೇ ನಡುಗುತ್ತದೆ.

ಇಲ್ಲಿ ಹಿಂಸೆಯೇ ಇಲ್ಲವೆಂದು ಸಮಾಧಾನ ಹೇಳಿಕೊಳ್ಳುವುದು ಆತ್ಮವಂಚನೆ. ಹುಳುಗಳಿಗೆ ನೋವಾದೀತೆಂದು ನಾಯಿಯನ್ನು ಹಾಗೆಯೇ ಬಿಟ್ಟು ಬರುವುದನ್ನೂ ದಯೆಯೆನ್ನಲಾಗದು. ಗೃಹಸ್ಥನು ಸಂಪೂರ್ಣವಾಗಿ ತ್ಯಜಿಸತಕ್ಕುದು ಸಂಕಲ್ಪೀ ಹಿಂಸೆಯನ್ನು. ರೋಗಿಯ ಉಪಚಾರದಲ್ಲಿ ಅನಿವಾರ್ಯವಾಗಿ ಒದಗುವ ಹಿಂಸೆಯನ್ನು ಆರಂಭೀ ಹಿಂಸೆಯ ಪಂಕ್ತಿಯಲ್ಲಿ ಎಣಿಸಿ, ಆದಷ್ಟು ಕಡಿಮೆ ಮಾಡಿ, ಗುರುಗಳಲ್ಲಿ ಆಲೋಚನೆ ಮಾಡಿಕೊಳ್ಳುವುದು ಯುಕ್ತವೆಂದು ನನ್ನ ತಿಳಿವಳಿಕೆ. ಆದರೆ ಈ ಸಂಕಟಕ್ಕೆ ನಿಜವಾದ ಪರಿಹಾರವಿರುವುದು ಮೊದಲ ದಿನದಲ್ಲಿ. ಗಾಯವನ್ನು ಅಂದೇ ತೊಳೆದು ಮುಚ್ಚಿದ್ದರೆ ನೊಣ ಮೊಟ್ಟೆಯಿಡುತ್ತಿರಲಿಲ್ಲ. ನಾಯಿಯೂ ಉಳಿಯುತ್ತಿತ್ತು, ಆ ನೂರಾರು ಜೀವಗಳು ಅಲ್ಲಿ ಹುಟ್ಟಿ ಸಾಯುವ ಪ್ರಸಂಗವೂ ಬರುತ್ತಿರಲಿಲ್ಲ. ಭಾದ್ರಪದದ ದಶಲಕ್ಷಣ ಪರ್ವವು ಬರುವುದು ಇಂತಹ ನೊಣಗಳ ಕಾಲದಲ್ಲಿಯೇ. ಹತ್ತು ದಿನ ಬಸದಿಗೆ ಹೋಗಿಬರುವ ದಾರಿಯಲ್ಲಿ ಒಂದೇ ನಾಯಿಯನ್ನು ದಿನವೂ ಕಾಣುತ್ತೇವೆ. ಪಂಚಮಿಯಂದು ಗೀರಾಗಿದ್ದುದು ಚತುರ್ದಶಿಯ ಹೊತ್ತಿಗೆ ಗವಿಯಾಗಿರುತ್ತದೆ.

ಮೊದಲ ದಿನದ ಉಪಚಾರವೇನೂ ಕಠಿಣವಲ್ಲ. ಅರ್ಧ ಲೀಟರು ಕುದಿಸಿ ಆರಿಸಿದ ನೀರಿಗೆ ಒಂದು ಸಮ ಚಹಾಚಮಚ ಉಪ್ಪು ಹಾಕಿದರೆ ಗಾಯ ತೊಳೆಯಲು ಸಾಕು. ಸುತ್ತಲಿನ ಕೂದಲನ್ನು ಕತ್ತರಿಸಿ, ನೀರು ಬೆರೆಸಿದ ಪೊವಿಡೋನ್ ಅಯೋಡಿನ್ ಹಚ್ಚಿ, ಶುದ್ಧವಾದ ಬಟ್ಟೆಯಿಂದ ಸಡಿಲವಾಗಿ ಮುಚ್ಚಬೇಕು. ರಕ್ತ ಹರಿಯುತ್ತಿದ್ದರೆ ಬಟ್ಟೆಯನ್ನು ಒತ್ತಿ ಹಿಡಿಯಬೇಕು. ಪದೇಪದೇ ಎತ್ತಿ ನೋಡಬಾರದು. ವಾಹನದಡಿ ಸಿಕ್ಕ ಪ್ರಾಣಿಯನ್ನು ಕಾಲು ಹಿಡಿದು ಎಳೆಯದೆ ಹಲಗೆಯ ಮೇಲೆ ಜಾರಿಸಿ ಒಯ್ಯಬೇಕು. ಪ್ರಜ್ಞೆಯಿಲ್ಲದ ಪ್ರಾಣಿಯ ಬಾಯಿಗೆ ನೀರು ಸುರಿಯುವುದು ಕರುಣೆಯಿಂದ ಮಾಡುವ ಅಪಾಯ. ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ನೋವಿನಲ್ಲಿರುವ ನಾಯಿ ಸ್ನೇಹಿತನನ್ನೂ ಕಚ್ಚುವುದುಂಟು. ಆದುದರಿಂದ ಕೈಗೆ ಗವಸು ಬೇಕು. ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ ಮೂತಿಗೆ ಬಟ್ಟೆಯ ಪಟ್ಟಿ ಕಟ್ಟಬಹುದು. ಕಚ್ಚಿದರೆ ಗಾಯವನ್ನು ಸಾಬೂನಿನಿಂದ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಲಸಿಕೆಗಾಗಿ ಆಸ್ಪತ್ರೆಗೆ ಹೋಗತಕ್ಕುದು. ಹುಚ್ಚುನಾಯಿ ರೋಗದ ಲಕ್ಷಣಗಳು ಒಮ್ಮೆ ತೋರಿದ ಮೇಲೆ ಮನುಷ್ಯ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಈ ಸೇವೆಯನ್ನು ನಿಯಮವಾಗಿ ಮಾಡುವವರು ಮುಂಚಿತವಾಗಿಯೇ ಲಸಿಕೆ ಪಡೆದಿರುವುದು ಲೇಸು.

ಪ್ರಾಣಿಯನ್ನು ಮನೆಯಂಗಳಕ್ಕೆ ತಂದ ಕ್ಷಣದಿಂದ ಅದು ನಮ್ಮ ಅಧೀನ. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಬಾಯಿಪಾಠವಾಗಿ ಹೇಳುತ್ತೇವೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರಿಸುವುದು, ಅನ್ನಪಾನ ತಡೆಯುವುದು. ಎತ್ತು ಕುದುರೆಗಳಿದ್ದ ಕಾಲದ ಮಾತು ಇವೆಂದು ಭಾವಿಸುವುದು ಸರಿಯಲ್ಲ. ಉಪಚಾರ ಮಾಡುವವನಿಗೇ ಇವು ಹೆಚ್ಚು ಹತ್ತಿರ. ಮುರಿದ ಕಾಲು ಕೂಡಲೆಂದು ಕಟ್ಟುವುದು ದೋಷವಲ್ಲ. ಕೂಡಿದ ಮೇಲೂ ಮಮತೆಯಿಂದಲೋ ಮರೆವಿನಿಂದಲೋ ಕಟ್ಟಿಯೇ ಇಟ್ಟರೆ ಅದು ಬಂಧ.

ಐದನೆಯದನ್ನು ವ್ರತೋಪವಾಸಗಳ ಈ ಪತ್ರಿಕೆಯ ಓದುಗರು ವಿಶೇಷವಾಗಿ ಗಮನಿಸಬೇಕು. ಅಷ್ಟಮಿ, ಚತುರ್ದಶಿಗಳಂದು ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಉಪವಾಸವು ನಮ್ಮ ಸಂಕಲ್ಪ. ಹಿತ್ತಲಿನಲ್ಲಿ ಮಲಗಿರುವ ರೋಗಿಯದಲ್ಲ. ತನ್ನ ಇಚ್ಛೆಯಿಂದ ಬಿಟ್ಟ ಅನ್ನ ತಪಸ್ಸಾಗುತ್ತದೆ. ಅದೇ ಅನ್ನವನ್ನು ಪರಾಧೀನ ಜೀವಿಗೆ ತಪ್ಪಿಸಿದರೆ ಅತಿಚಾರವಾಗುತ್ತದೆ. ರಾತ್ರಿಭೋಜನ ತ್ಯಾಗವೂ ಹೀಗೆಯೇ. ತಾಯಿ ಸತ್ತ, ಇನ್ನೂ ಕಣ್ಣು ಬಿಡದ ನಾಯಿಮರಿಗೆ ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕು, ನಡುರಾತ್ರಿಯಲ್ಲಿಯೂ ಬೇಕು. ನಿರ್ಬಂಧವಿರುವುದು ನಮ್ಮ ನಾಲಿಗೆಗೆ. ಪ್ರೋಷಧೋಪವಾಸವನ್ನು ಆರಂಭತ್ಯಾಗದೊಡನೆ ಪೂರ್ಣವಾಗಿ ಆಚರಿಸುವವರು ಹಿಂದಿನ ದಿನವೇ ಮನೆಯ ಇನ್ನೊಬ್ಬರಿಗೆ ಮದ್ದಿನ ವೇಳೆ, ಆಹಾರದ ಪ್ರಮಾಣಗಳನ್ನು ತಿಳಿಸಿ ಒಪ್ಪಿಸಬೇಕು. ಒಪ್ಪಿಸಲು ಯಾರೂ ಇಲ್ಲದಿದ್ದರೆ ಆ ಪರ್ವದಲ್ಲಿ ಏಕಾಶನವನ್ನು ಮಾಡಿ ಸೇವೆಯನ್ನು ಉಳಿಸಿಕೊಳ್ಳುವುದೇ ಮೇಲೆಂದು ನಾನು ಹೇಳುವೆನು. ಇದನ್ನು ಒಪ್ಪದವರು ತಮ್ಮ ಗುರುಗಳನ್ನು ಕೇಳಿಕೊಳ್ಳಲಿ.

ಆಹಾರದ ವಿಷಯದಲ್ಲಿ ಕೆಲವು ಮಾತು. ಕಂದಮೂಲ ತ್ಯಾಗ ಮಾಡಿದ ಮನೆಗಳು ಒಂದು ವಿಧದಲ್ಲಿ ನಾಯಿಗಳ ಪಾಲಿಗೆ ಸುರಕ್ಷಿತ. ಈರುಳ್ಳಿ ಬೆಳ್ಳುಳ್ಳಿ ನಾಯಿ ಬೆಕ್ಕುಗಳ ರಕ್ತಕಣಗಳನ್ನು ಕೆಡಿಸುತ್ತವೆ. ಆದರೆ ಪಾರಣೆಯ ತಟ್ಟೆಯಲ್ಲಿ ಉಳಿದ ದ್ರಾಕ್ಷಿ, ಒಣದ್ರಾಕ್ಷಿಗಳನ್ನು ಪ್ರೀತಿಯಿಂದ ನಾಯಿಗೆ ಹಾಕುವುದುಂಟು; ಅವು ಅದರ ಮೂತ್ರಪಿಂಡಗಳಿಗೆ ವಿಷ. ಮನೆಯ ಪೆಟ್ಟಿಗೆಯಲ್ಲಿರುವ ಪ್ಯಾರಾಸಿಟಮಾಲ್ ಗುಳಿಗೆ ಬೆಕ್ಕನ್ನು ಕೊಲ್ಲಬಲ್ಲುದು; ಐಬುಪ್ರೊಫೆನ್ ನಾಯಿಗೂ ಅಪಾಯಕರ. ಹಸುವಿನ ಹಾಲು ನಾಯಿಮರಿಗೆ ತಾಯಿಹಾಲಿನಷ್ಟು ಸಾರವುಳ್ಳದ್ದಲ್ಲ. ಪಶುವೈದ್ಯರನ್ನು ಕೇಳಿ ಮರಿಗಳಿಗೆಂದೇ ಸಿಗುವ ಹಾಲಿನ ಪುಡಿಯನ್ನು ಕೊಡಬೇಕು.

ಇನ್ನು ಮಾಂಸಾಹಾರಿ ಪ್ರಾಣಿಗಳ ತೊಡಕು. ನಾಯಿಯು ಅನ್ನ, ಬೇಳೆ, ಮೊಸರುಗಳಿಂದ ಚೇತರಿಸಿಕೊಳ್ಳಬಲ್ಲುದು. ಬೆಕ್ಕಿನ ದೇಹರಚನೆ ಹಾಗಲ್ಲ. ಟಾರಿನ್ ಎಂಬ ಪೋಷಕಾಂಶವು ಅದಕ್ಕೆ ಆಹಾರದಿಂದಲೇ ದೊರೆಯಬೇಕು, ದೊರೆಯದಿದ್ದರೆ ಕಣ್ಣೂ ಹೃದಯವೂ ಕೆಡುತ್ತವೆ. ಹದ್ದು, ಗಿಡುಗಗಳ ಮಾತು ಹೇಳಲೇಬೇಕಾಗಿಲ್ಲ. ದಿಲ್ಲಿಯ ಕೆಂಪುಕೋಟೆಯ ಎದುರಿಗಿರುವ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ನಮ್ಮ ಸಮಾಜವೇ ನಡೆಸುತ್ತಿರುವ ಪಕ್ಷಿಗಳ ಧರ್ಮಾಸ್ಪತ್ರೆಯುಂಟು. ಅಲ್ಲಿ ಚಿಕಿತ್ಸೆ ಉಚಿತ. ಆಗಸ್ಟ್ 15ರ ಸುಮಾರಿಗೆ ಆ ನಗರದಲ್ಲಿ ಗಾಳಿಪಟಗಳು ಏರುವಾಗ ಮಾಂಜಾ ದಾರದಿಂದ ರೆಕ್ಕೆ ಕೊಯ್ದುಕೊಂಡ ಪಕ್ಷಿಗಳು ಗುಂಪುಗುಂಪಾಗಿ ಬರುತ್ತವೆ. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು ನೈಲಾನ್ ಮಾಂಜಾವನ್ನು ನಿಷೇಧಿಸಿದರೂ ಅದರ ಬಳಕೆ ನಿಂತಿಲ್ಲ. ಸಸ್ಯಾಹಾರಿ ಪಕ್ಷಿಗಳನ್ನು ಒಳಗೆ ಇರಿಸಿಕೊಂಡು ಶುಶ್ರೂಷೆ ಮಾಡುವ ಈ ಆಸ್ಪತ್ರೆ, ಬೇಟೆಹಕ್ಕಿಗಳಿಗೆ ಹೊರರೋಗಿಗಳಂತೆ ಚಿಕಿತ್ಸೆ ನೀಡಿ ಕಳುಹಿಸುವ ಪದ್ಧತಿಯನ್ನು ಇಟ್ಟುಕೊಂಡಿದೆ. ಗಾಯಕ್ಕೆ ಮದ್ದು ಉಂಟು, ಮಾಂಸದ ಊಟವಿಲ್ಲ ಎಂಬುದು ಅದರ ಮರ್ಯಾದೆ.

ಈ ಮರ್ಯಾದೆಯನ್ನು ಟೀಕಿಸುವವರಿದ್ದಾರೆ, ಅವರ ಮಾತಿನಲ್ಲಿ ತಿರುಳಿಲ್ಲದಿಲ್ಲ. ಅದೇ ದಿಲ್ಲಿಯಲ್ಲಿ ನದೀಮ್ ಶಹಜಾದ್ ಮತ್ತು ಮೊಹಮ್ಮದ್ ಸೌದ್ ಎಂಬ ಸಹೋದರರು ತಾವು ಒಯ್ದ ಹದ್ದನ್ನು ಮಾಂಸಾಹಾರಿಯೆಂಬ ಕಾರಣಕ್ಕೆ ಪಕ್ಷಿ ಆಸ್ಪತ್ರೆಯಲ್ಲಿ ಸೇರಿಸಿಕೊಳ್ಳದಿದ್ದಾಗ, ತಾವೇ ಮನೆಯಲ್ಲಿ ಹದ್ದುಗಳ ಶುಶ್ರೂಷೆಗೆ ತೊಡಗಿದರು. ಅವರ ಕೆಲಸವನ್ನು ಕುರಿತು 2022ರಲ್ಲಿ ಬಂದ ‘ಆಲ್ ದಟ್ ಬ್ರೀದ್ಸ್’ ಎಂಬ ಸಾಕ್ಷ್ಯಚಿತ್ರವನ್ನು ಜಗತ್ತೇ ನೋಡಿತು. ನಮ್ಮ ವ್ರತದ ಗಡಿಯಾಚೆಗೆ ನಿಂತ ಜೀವಿಯನ್ನು ಇನ್ನೊಬ್ಬರು ಎತ್ತಿಕೊಂಡರು. ಅದಕ್ಕಾಗಿ ಅವರಿಗೆ ಕೃತಜ್ಞರಾಗಿರುವುದೇ ನಮಗೆ ಉಚಿತ. ವ್ರತ ಕೆಡಿಸಿಕೊಂಡು ಮಾಂಸ ತಂದು ಹಾಕಬೇಕೆಂದು ನಾನು ಹೇಳುವುದಿಲ್ಲ. ಆದರೆ ಹದ್ದನ್ನೋ ಬೆಕ್ಕನ್ನೋ ನೋಡಿಕೊಳ್ಳಬಲ್ಲವರು ಊರಿನಲ್ಲಿ ಯಾರು ಎಂಬುದನ್ನು ಮೊದಲೇ ತಿಳಿದಿಟ್ಟುಕೊಂಡು, ರಕ್ತ ನಿಲ್ಲಿಸಿ, ರಟ್ಟಿನ ಪೆಟ್ಟಿಗೆಯ ಕತ್ತಲೆಯಲ್ಲಿ ಶಾಂತವಾಗಿರಿಸಿ, ಅಂದೇ ಒಪ್ಪಿಸಿ ಬರುವುದಕ್ಕೆ ಯಾವ ವ್ರತವೂ ಅಡ್ಡಬಾರದು. ನಮ್ಮ ಆಹಾರನಿಯಮವನ್ನು ಅದರ ಮೇಲೆ ಹೇರಿ, ಹಾಲನ್ನದಲ್ಲಿ ಬೆಕ್ಕನ್ನು ಸೊರಗಿಸುವುದು ಅನ್ನಪಾನನಿರೋಧದ ಇನ್ನೊಂದು ರೂಪ.

ಗುಣವಾಗುವ ಆಸೆಯಿಲ್ಲದ ಪ್ರಾಣಿಯ ಮುಂದೆ ನಿಂತಾಗ ವೈದ್ಯರು ಸೂಜಿಮದ್ದಿನಿಂದ ನೋವಿಲ್ಲದ ಮರಣವನ್ನು ಕೊಡಬಹುದೆಂದು ಸೂಚಿಸುತ್ತಾರೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದೇ ಪ್ರಶ್ನೆಯನ್ನು ಎತ್ತಿ, ದುಃಖದಿಂದ ಬೇಗ ಬಿಡುಗಡೆಯಾದೀತೆಂಬ ಭಾವನೆಯಿಂದಲೂ ದುಃಖಿಯಾದ ಜೀವವನ್ನು ಕೊಲ್ಲಬಾರದೆಂದು ನಿರ್ಣಯಿಸಿದ್ದಾರೆ. ಅಣುವ್ರತಿಗೆ ಇದು ಸ್ಪಷ್ಟವಾದ ಶಾಸನ. ಆದರೆ ಕೊಲ್ಲಬಾರದೆಂದ ಮೇಲೆ ನೋವನ್ನು ನೋಡುತ್ತ ಕುಳಿತಿರಬೇಕೆಂದು ಅರ್ಥವಲ್ಲ. ನೋವು ಶಮನಗೊಳಿಸುವ ಮದ್ದನ್ನು ವೈದ್ಯರಿಂದ ಕೇಳಿ ಪಡೆದು, ಕೊನೆಯ ಗಳಿಗೆಯವರೆಗೆ ವೇಳೆ ತಪ್ಪದೆ ಕೊಡಿಸಬೇಕು. ಹೊದಿಕೆ ಬದಲಿಸಬೇಕು, ಮಗ್ಗುಲು ತಿರುಗಿಸಬೇಕು. ಜೀವಂಧರನ ಮಂತ್ರಕ್ಕೆ ಅಲ್ಲಿ ಸ್ಥಾನ. ಹುಚ್ಚು ಹಿಡಿದಿದೆಯೆಂಬ ಶಂಕೆಯಿದ್ದರೆ ಮಾತ್ರ ಮನೆಯವರು ಯಾರೂ ಮುಟ್ಟದೆ ಸ್ಥಳೀಯ ಸಂಸ್ಥೆಗೂ ಪಶುವೈದ್ಯರಿಗೂ ತಿಳಿಸತಕ್ಕುದು. ಅಂತಹ ನಾಯಿಯನ್ನು ಪ್ರತ್ಯೇಕವಾಗಿ ಇರಿಸಿ ಸಹಜ ಮರಣದವರೆಗೆ ಕಾಯುವ ಕ್ರಮವನ್ನು ಸರ್ಕಾರದ ನಿಯಮಗಳೇ ಹೇಳುತ್ತವೆ. ಅದು ಸಾಮಾನ್ಯವಾಗಿ ಹತ್ತು ದಿನಗಳೊಳಗೆ ಸಾಯುತ್ತದೆ.

ಗುಣವಾದ ನಾಯಿಯನ್ನು ಎಲ್ಲಿ ಬಿಡಬೇಕು? ಎತ್ತಿಕೊಂಡ ಬೀದಿಯಲ್ಲಿಯೇ. ನಾಯಿಗಳಿಗೆ ತಮ್ಮ ಎಲ್ಲೆಯುಂಟು. ಬೇರೆ ಬೀದಿಯಲ್ಲಿ ಬಿಟ್ಟರೆ ಅಲ್ಲಿಯ ನಾಯಿಗಳು ಕಚ್ಚಿ ಹೊಸ ಗಾಯ ಮಾಡುತ್ತವೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳೂ ಸಂತಾನಹರಣ ಮತ್ತು ಲಸಿಕೆಯ ಬಳಿಕ ಅದೇ ಸ್ಥಳಕ್ಕೆ ಮರಳಿಸಬೇಕೆಂದು ವಿಧಿಸಿವೆ. ಆದರೆ 2025ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಶಾಲೆ, ಆಸ್ಪತ್ರೆ, ಬಸ್ಸು ಮತ್ತು ರೈಲು ನಿಲ್ದಾಣಗಳಂತಹ ಸ್ಥಳಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡಬಾರದೆಂದು ಆದೇಶಿಸಿತು. ಆದಕಾರಣ ಬಿಡುವ ಮುನ್ನ ಊರಿನ ಪುರಸಭೆಯನ್ನೋ ಪಂಚಾಯಿತಿಯನ್ನೋ ವಿಚಾರಿಸುವುದು ಒಳ್ಳೆಯದು. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸದೆ ಯಾವ ನಾಯಿಯನ್ನೂ ಹೊರಗೆ ಬಿಡಬಾರದು. ಬೆಳಗಿನ ಹೊತ್ತಿನಲ್ಲಿ, ಹೊಟ್ಟೆ ತುಂಬಿಸಿ ಬಿಟ್ಟು, ಒಂದು ವಾರ ದಿನವೂ ಹೋಗಿ ನೋಡಿಬರಬೇಕು. ಕೂಡಿದ ಗಾಯ ಮತ್ತೆ ತೆರೆದುಕೊಳ್ಳುವುದಾದರೆ ಸಾಮಾನ್ಯವಾಗಿ ಆ ವಾರದಲ್ಲಿಯೇ.