*ಮೇಲುಸಿರು ಬಂದರೆ ಯಾವ ಡಾಕ್ಟರ ಹತ್ತಿರ ಹೋಗಬೇಕು?*

ನಾನು ಹೃದ್ರೋಗ ತಜ್ಞ. ಆದರೆ ಇವತ್ತು ಹೇಳುವುದು ಶ್ವಾಸಕೋಶ ತಜ್ಞರ ಬಗ್ಗೆ.

ಮೆಟ್ಟಿಲು ಹತ್ತಿದರೆ ಮೇಲುಸಿರು ಬರುತ್ತದೆ ಎಂದು ಒಬ್ಬ ತಾಯಿಯನ್ನು ಮಗ ನನ್ನ ಬಳಿ ಕರೆತಂದರು. ಇಸಿಜಿ, ಎಕೋ ಎರಡೂ ಸರಿಯಿದ್ದವು. ಶ್ವಾಸಕೋಶದ ಡಾಕ್ಟರಿಗೆ ತೋರಿಸಿ ಎಂದೆ. ಮಗನ ಮುಖ ಸಪ್ಪಗಾಯಿತು. "ಅವರು ಟಿಬಿ ಡಾಕ್ಟರಲ್ವಾ ಸಾರ್? ಬಿಲ್ಡಿಂಗಿನಲ್ಲಿ ಯಾರಿಗಾದರೂ ಗೊತ್ತಾದರೆ?"

ಹೀಗೇ ಮೂರು ತಿಂಗಳು ಕಳೆದವು. ಕೊನೆಗೆ ಹೋದಾಗ ಆ ವೈದ್ಯರು ಕೇಳಿದ ಮೊದಲ ಪ್ರಶ್ನೆ: "ಬಾಲ್ಕನಿಗೆ ಪಾರಿವಾಳ ಬರುತ್ತವೆಯೇ?" ಕಾರಣ ಅದೇ ಆಗಿತ್ತು. ಪಾರಿವಾಳದ ಹಿಕ್ಕೆ, ಪುಕ್ಕದ ಧೂಳು ಕೆಲವರ ಶ್ವಾಸಕೋಶದಲ್ಲಿ ಉರಿಯೂತ ಉಂಟುಮಾಡುತ್ತದೆ. ಬೇಗ ಗೊತ್ತಾದರೆ ಹತೋಟಿಗೆ ತರಬಹುದು. ತಡವಾದರೆ ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ, ಮತ್ತೆ ಮೊದಲಿನಂತೆ ಆಗುವುದಿಲ್ಲ.

*ಇವರ ಓದು ಎಷ್ಟು?*
✅ ಎಂಬಿಬಿಎಸ್: ಇಂಟರ್ನ್‌ಶಿಪ್ ಸೇರಿ 5½ ವರ್ಷ
✅ ನೀಟ್ ಪಿಜಿ ಬರೆದು ಎಂಡಿ ರೆಸ್ಪಿರೇಟರಿ ಮೆಡಿಸಿನ್: 3 ವರ್ಷ
✅ ಇನ್ನೂ ಮುಂದೆ ಓದುವವರಿಗೆ ಡಿಎಂ ಪಲ್ಮನರಿ ಮೆಡಿಸಿನ್: ಮತ್ತೆ 3 ವರ್ಷ

ಬೋರ್ಡಿನಲ್ಲಿ ಡಿಎನ್‌ಬಿ ಎಂದಿದ್ದರೂ ತಜ್ಞರೇ. ಹಿರಿಯರಲ್ಲಿ ಡಿಟಿಸಿಡಿ ಎಂಬ ಡಿಪ್ಲೊಮಾ ಮಾಡಿದವರೂ ಇದ್ದಾರೆ.

*ಟಿಬಿ ಡಾಕ್ಟರ್ ಎಂಬ ಹೆಸರು ಯಾಕೆ ಬಂತು?*
ಈ ವಿಭಾಗ ಬೆಳೆದದ್ದೇ ಟಿಬಿ ಆಸ್ಪತ್ರೆಗಳಲ್ಲಿ. ಮುಂಬೈಯ ಶಿವಡಿ, ಚೆನ್ನೈನ ತಾಂಬರಂ, ನಮ್ಮ ಮೈಸೂರಿನ ಪಿಕೆಟಿಬಿ ಎಲ್ಲವೂ ಹಾಗೆ ಹೆಸರಾದವು. ಎಂಡಿ ಪದವಿಯ ಹೆಸರಿನಲ್ಲೂ ಹಿಂದೆ ಟಿಬಿ ಇತ್ತು. ಇಂದು ಅವರು ಆಸ್ತಮಾ, ಸಿಒಪಿಡಿ, ನ್ಯುಮೋನಿಯಾ, ಗೊರಕೆಯಲ್ಲಿ ಉಸಿರು ನಿಲ್ಲುವುದು, ಎಲ್ಲವನ್ನೂ ನೋಡುತ್ತಾರೆ. ಊದಿಸಿ ಮಾಡುವ ಪಿಎಫ್‌ಟಿ ಪರೀಕ್ಷೆ, ಕೊಳವೆ ಇಳಿಸಿ ನೋಡುವ ಬ್ರಾಂಕೋಸ್ಕೋಪಿ, ಐಸಿಯು ವೆಂಟಿಲೇಟರ್ ಕೂಡ ಅವರ ಕೆಲಸವೇ.

ಇನ್ನು ಟಿಬಿಯೇ ಆದರೂ ನಾಚಿಕೆಪಡುವಂಥದ್ದೇನೂ ಇಲ್ಲ. ಔಷಧಿಯನ್ನು ಪೂರ್ತಿ ತೆಗೆದುಕೊಂಡರೆ ಬಹುತೇಕ ಎಲ್ಲರಿಗೂ ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ.

*ಯಾವಾಗ ಹೋಗಬೇಕು?*
👉 ಎರಡು ವಾರ ದಾಟಿದ ಕೆಮ್ಮು
👉 ಕಫದಲ್ಲಿ ರಕ್ತ
👉 ಹೃದಯ ಸರಿಯಿದ್ದರೂ ಮೇಲುಸಿರು
👉 ರಾತ್ರಿ ಎಬ್ಬಿಸುವ ಗೂರಲು

ಹೋಗುವಾಗ ಹಳೆಯ ಎಕ್ಸ್‌ರೇ ತೆಗೆದುಕೊಂಡು ಹೋಗಿ. ಮಾಡುವ ಕೆಲಸ, ಅಡುಗೆ ಒಲೆಯ ಹೊಗೆ, ಬೀಡಿ ಸಿಗರೇಟು, ಪಾರಿವಾಳ, ಯಾವುದನ್ನೂ ಮುಚ್ಚಿಡಬೇಡಿ.

⚠️ ಎದೆನೋವಿನ ಜೊತೆ ಬೆವರು ಬಂದರೆ, ಅಥವಾ ಉಸಿರಾಟ ಇದ್ದಕ್ಕಿದ್ದಂತೆ ಕಷ್ಟವಾದರೆ ಯಾವ ಡಾಕ್ಟರ್ ಎಂದು ಯೋಚಿಸುತ್ತಾ ಕೂರಬೇಡಿ. ತಕ್ಷಣ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಮನೆಯಲ್ಲಿ ಹಿರಿಯರಿರುವ ನಿಮ್ಮ ಬಂಧುಗಳಿಗೂ ಇದನ್ನು ಕಳುಹಿಸಿ. 🙏