ಗುಳಿಗೆ, ಗುಟ್ಟು, ಪಹಣಿ

ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳ ಎಚ್‌ಐವಿ ಸೋಂಕಿತರೊಡನೆ ಕೆಲಸ ಮಾಡುತ್ತ ನಾನು ಕಲಿತ ಮೊದಲ ಪಾಠವೆಂದರೆ, ಪ್ರಾಣವನ್ನು ಉಳಿಸುವ ಕಾರ್ಯಕ್ಕೂ ಜೀವನೋಪಾಯವನ್ನು ಒದಗಿಸುವ ಕಾರ್ಯಕ್ಕೂ ನಡುವಣ ಗೆರೆಯು ಕಚೇರಿಗಳ ಅನುಕೂಲಕ್ಕಾಗಿ ಎಳೆದದ್ದೇ ಹೊರತು ಬದುಕಿನಲ್ಲಿ ಇರುವುದಲ್ಲವೆಂಬುದು. 2004ರ ಏಪ್ರಿಲ್ ತಿಂಗಳಿನಿಂದ ಸರ್ಕಾರವು ಈ ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಔಷಧಿಯನ್ನು ಉಚಿತವಾಗಿ ಕೊಡತೊಡಗಿದ ಮೇಲೆ ಮರಣಭಯವು ಹಿಂದೆ ಸರಿಯಿತು. ಉಳಿದ ಜೀವವು ಏನನ್ನುಂಡು ಬಾಳಬೇಕೆಂಬ ಚಿಂತೆ ಮುಂದೆ ಬಂದಿತು.

ನಾರಾಯಣಪುರದ ಕಾಲುವೆ ಹರಿದ ಊರುಗಳಲ್ಲಿ ಬತ್ತದ ಗದ್ದೆಗಳು ಕೂಲಿಯನ್ನು ಒದಗಿಸುತ್ತವೆ. ನೀರು ಮುಟ್ಟದ ಹೊಲಗಳಲ್ಲಿಯಾದರೋ ಹತ್ತಿ ಬಿಡಿಸಿ ತೊಗರಿಯ ರಾಶಿ ಮುಗಿದೊಡನೆ ಜನರು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೊರಡುತ್ತಾರೆ. ಹಾಗೆ ಹೋದವರಲ್ಲಿ ಎಷ್ಟೋ ಮಂದಿ ಗುಳಿಗೆಯನ್ನು ತಪ್ಪಿಸುತ್ತಾರೆ. ತಪ್ಪಿದಲ್ಲಿ ವೈರಾಣು ವೃದ್ಧಿಯಾಗಿ ಔಷಧಿಗೇ ಜಗ್ಗದಂತಾಗುವುದುಂಟು. ಆದುದರಿಂದ ಊರಿನಲ್ಲಿಯೇ ದೊರೆಯುವ ದುಡಿಮೆಯು ಚಿಕಿತ್ಸೆಯದೇ ಒಂದು ಅಂಗ.

ಆದರೆ ಯಾವ ದುಡಿಮೆ? ಸೋಂಕು ಅನ್ನದಿಂದ ಹರಡದೆಂಬುದನ್ನು ಎಷ್ಟು ಸಾರಿದರೂ, ರೊಟ್ಟಿ ಬಡಿದು ಮಾರುವವಳ ಗುಟ್ಟು ರಟ್ಟಾದರೆ ಗಿರಾಕಿಗಳು ಮರುದಿನವೇ ಬೇರೆ ಮನೆ ಹಿಡಿಯುತ್ತಾರೆ; ಸಂತೆಯಲ್ಲಿ ಆಡು ಕೊಳ್ಳುವವನು ಮಾತ್ರ ಸಾಕಿದವಳ ರೋಗವನ್ನು ವಿಚಾರಿಸುವುದಿಲ್ಲ. ಸೋಂಕಿತ ಮಹಿಳೆಯರ ದುಡಿಮೆಗೆ ಹಣದ ನೆರವು ನೀಡುವ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ ಯೋಜನೆಯಿದ್ದರೂ, ಅದರ ಮಾತೆತ್ತಿದೊಡನೆ ಹಣವೆಷ್ಟೆಂದು ಕೇಳುವ ಮೊದಲು ‘ಕಾಗದ ಯಾರ್ಯಾರು ನೋಡ್ತಾರ್ರೀ?’ ಎಂದು ಕೇಳಿದವರೇ ಹೆಚ್ಚು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯಿದೆಯು ಅನುಮತಿಯಿಲ್ಲದೆ ಗುಟ್ಟನ್ನು ಬಯಲುಮಾಡುವುದನ್ನೂ ಸೋಂಕಿನ ಕಾರಣದಿಂದ ತಾರತಮ್ಯವೆಸಗುವುದನ್ನೂ ನಿಷೇಧಿಸುತ್ತದೆ. ಆದರೆ ಅರ್ಜಿದಾರಳ ಧೈರ್ಯವು ಕಾಯಿದೆಗಿಂತ ಮಿಗಿಲಾಗಿ ಗುಮಾಸ್ತನ ನಾಲಿಗೆಯನ್ನು ಅವಲಂಬಿಸಿದೆ.

ಎಲ್ಲಕ್ಕಿಂತ ತಡವಾಗಿ ತಿಳಿದ ಪಾಠವು ಭೂಮಿಯದು. ಗಂಡನು ತೀರಿಕೊಂಡೊಡನೆ ರೋಗದ ನೆಪದಿಂದ ತವರಿಗೆ ಅಟ್ಟಲ್ಪಟ್ಟ ಹೆಣ್ಣುಮಗಳಿಗೆ ಹೊಲಿಗೆಯಂತ್ರವನ್ನು ಕೊಡಿಸಿ ನಾವು ಸಂತುಷ್ಟರಾಗಿರುವಾಗ, ಅವಳ ಪಾಲಿನ ಹೊಲವನ್ನು ಮೈದುನರು ಉಳುತ್ತಿರುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಗಂಡನ ಆಸ್ತಿಯಲ್ಲಿ ಮಕ್ಕಳಿಗೆ ಸಮನಾದ ಪಾಲನ್ನು ವಿಧವೆಗೆ ಕೊಟ್ಟಿದೆ. ಇದಕ್ಕೆ ರೋಗವಾವುದೂ ಅಡ್ಡಿಯಲ್ಲ. ವಾರಸಾ ಅರ್ಜಿ ಕೊಟ್ಟು ಪಹಣಿಯಲ್ಲಿ ಹೆಸರನ್ನು ಸೇರಿಸಿಕೊಂಡವಳಿಗೆ ಬೆಳೆಸಾಲ, ಬೆಳೆವಿಮೆ, ಬೆಳೆಹಾನಿಯ ಪರಿಹಾರ ಇವೆಲ್ಲವೂ ರೈತಳೆಂಬ ನೆಲೆಯಿಂದಲೇ ಲಭಿಸುತ್ತವೆ; ರೋಗದ ಪ್ರಮಾಣಪತ್ರವನ್ನು ಯಾರ ಮುಂದೆಯೂ ಹಿಡಿಯಬೇಕಾಗಿಲ್ಲ.

ಈ ಕಾರ್ಯಕ್ಕೆ ಇಳಿಯುವವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ನೆರವಿನ ಅರ್ಜಿಯನ್ನು ತುಂಬಿಸುವ ಮೊದಲು, ಆಕೆಯ ಹೊಲದ ಪಹಣಿಯಲ್ಲಿ ಯಾರ ಹೆಸರಿದೆಯೆಂಬುದನ್ನು ನೋಡಿರಿ.