ಪರೀಕ್ಷೆಗೆ ಒಬ್ಬ ವಚನಕಾರ ಸಾಲದು

ಮಕ್ಕಳೇ, ವಚನದ ಕೊನೆಯಲ್ಲಿ ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿಯದು, ಗುಹೇಶ್ವರ ಎಂದಿದ್ದರೆ ಅಲ್ಲಮಪ್ರಭುವಿನದು ಎಂದು ತರಗತಿಯಲ್ಲಿ ಕಲಿತಿದ್ದೀರಿ. 12ನೆಯ ಶತಮಾನದ ಈ ಅಂಕಿತ, ವಚನವನ್ನು ಬರೆದವರಿಗೆ ಜೋಡಿಸುವ ಕೊಂಡಿ. ಡೇಟಾಬೇಸಿನಲ್ಲೂ ಇಂಥದೇ ಕೊಂಡಿ ಇರುತ್ತದೆ. ನಮ್ಮ ದೊಡ್ಡ ತರಗತಿಯವರು ವಚನಕಾರರದೊಂದು, ವಚನಗಳದೊಂದು ಕೋಷ್ಟಕ ಮಾಡಿ, ಪೈಥಾನ್ ಭಾಷೆಯ ಜಾಂಗೋ ಬಳಸಿ ಒಂದು ಪುಟ ಕಟ್ಟಿದಾಗ ನನಗೂ ಪಾಠವಾಯಿತು.

ಹತ್ತು ಮಂದಿ ವಚನಕಾರರನ್ನು ಅವರ ವಚನಗಳೊಂದಿಗೆ ತೋರಿಸಬೇಕು ಎನ್ನಿ. ಸುಮ್ಮನೆ ಬಿಟ್ಟರೆ ಜಾಂಗೋ ಹೆಸರುಗಳಿಗಾಗಿ 1 ಸಲ, ಆಮೇಲೆ ಒಬ್ಬೊಬ್ಬರ ವಚನಗಳಿಗಾಗಿ 10 ಸಲ, ಒಟ್ಟು 11 ಸಲ ಡೇಟಾಬೇಸನ್ನು ಕೇಳುತ್ತದೆ. ಎಡಿಸನ್ನಿನ ಓಕ್ ಟ್ರೀ ರಸ್ತೆಗೆ ಬೇಳೆಗೊಮ್ಮೆ, ಹುಣಸೆಹಣ್ಣಿಗೊಮ್ಮೆ ಕಾರು ಓಡಿಸಿದ ಹಾಗೆ! 2012ರಲ್ಲಿ ಜಾಂಗೋ 1.4ರೊಡನೆ ಬಂದ ‘ಪ್ರಿಫೆಚ್ ರಿಲೇಟೆಡ್’ ಹೇಳಿದರೆ ಎರಡೇ ಪ್ರಶ್ನೆ: ಹೆಸರುಗಳು ಒಮ್ಮೆ, ಆ ಎಲ್ಲರ ವಚನಗಳು ಒಮ್ಮೆ. ಹಂಚಿ ಜೋಡಿಸುವ ಕೆಲಸ ಪೈಥಾನಿನದು.

ಇದು ನಿಜವಾಗಿ ನಡೆಯುತ್ತಿದೆ ಎಂದು ತಿಳಿಯುವುದು ಹೇಗೆ? ಎರಡು ದಾರಿಯಲ್ಲೂ ಪುಟ ಒಂದೇ ಥರ ಕಾಣುತ್ತದೆ, ಆದ್ದರಿಂದ ಪ್ರಶ್ನೆಗಳನ್ನೇ ಎಣಿಸಬೇಕು. ಅದಕ್ಕೆ ಜಾಂಗೋದಲ್ಲಿ ‘ಅಸರ್ಟ್ ನಮ್ ಕ್ವೆರೀಸ್’ ಇದೆ. ಮಕ್ಕಳು ಬಸವಣ್ಣನವರೊಬ್ಬರನ್ನೇ ಇಟ್ಟು ಎಣಿಸಿದರು. 2 ಬಂತು, ಎಲ್ಲರಿಗೂ ಸಂತೋಷ. ಆಗ ಒಬ್ಬಳು ಪ್ರಿಫೆಚ್ ಸಾಲನ್ನೇ ಅಳಿಸಿ ನೋಡಿದಳು. ಆಗಲೂ 2! ಹೆಸರಿಗೆ 1, ಅವರ ವಚನಗಳಿಗೆ 1. ಅಂದರೆ ಆ ಪರೀಕ್ಷೆ ಏನನ್ನೂ ಪರೀಕ್ಷಿಸುತ್ತಿರಲಿಲ್ಲ. ಮೂವರನ್ನು ಇಟ್ಟಾಗ ಪ್ರಿಫೆಚ್ ಇಲ್ಲದೆ 4, ಇದ್ದರೆ 2. ಈಗ ವ್ಯತ್ಯಾಸ ಕಂಡಿತು. ಬೇಕಾದ ಸಾಲನ್ನು ತೆಗೆದಾಗ ಸೋಲದ ಪರೀಕ್ಷೆಯನ್ನು ನಾನಂತೂ ನಂಬುವುದಿಲ್ಲ, ವ್ಯಾಕರಣದ ಪ್ರಶ್ನೆಪತ್ರಿಕೆಯಾದರೂ ಸರಿ.

ನಾಲ್ಕನೆಯವರಾಗಿ ಜೇಡರ ದಾಸಿಮಯ್ಯನವರನ್ನು ಸೇರಿಸಿದೆವು. ಅವರ ವಚನಗಳನ್ನು ಇನ್ನೂ ಬೆರಳಚ್ಚು ಮಾಡಿರಲಿಲ್ಲ. ವಚನವಿಲ್ಲದಿದ್ದರೂ ಹೆಸರು ಪುಟದಲ್ಲಿ ಉಳಿಯಬೇಕು. ಪ್ರಿಫೆಚ್‌ನಲ್ಲಿ ಖಾಲಿ ಪಟ್ಟಿಯೊಂದಿಗೆ ಉಳಿಯಿತು. ಎರಡು ಕೋಷ್ಟಕಗಳನ್ನು ‘ಇನ್ನರ್ ಜಾಯಿನ್’ ಮಾಡಿ ತಂದಿದ್ದರೆ ದಾಸಿಮಯ್ಯನವರು ಸದ್ದಿಲ್ಲದೆ ಮಾಯವಾಗುತ್ತಿದ್ದರು.

ಮನೆಯಲ್ಲಿ ಮಾಡಿ ನೋಡುವವರಿಗೆ ಇನ್ನೊಂದು ಮಾತು. ಮೊದಲೇ ತಂದಿಟ್ಟ ವಚನಗಳ ಮೇಲೆ ಮತ್ತೆ ‘ಫಿಲ್ಟರ್’ ಹಾಕಿದರೆ ಜಾಂಗೋ ತಂದಿಟ್ಟದ್ದನ್ನು ಬಿಟ್ಟು ಒಬ್ಬೊಬ್ಬರಿಗೂ ಹೊಸದಾಗಿ ಕೇಳುತ್ತದೆ. ಪುಟ ಆಗಲೂ ಸರಿಯಾಗಿಯೇ ಕಾಣುತ್ತದೆ, ಎಣಿಕೆ ಮಾತ್ರ ಏರಿರುತ್ತದೆ.